ಉಳಿದ ಅರ್ಧ ಹೆಸರು

ಕ್ರಿಕೆಟ್ ಬಿಟ್ಟರೆ ಭೂಮಿಯ ಮೇಲೆ ಬೇರೆ ಆಟವೇ ಇಲ್ಲ ಎನ್ನುವ ನಮ್ಮ ಗ್ರೂಪಿನ ಮಹಾನುಭಾವರಿಗೆ ಮೊದಲೇ ಹೇಳಿಬಿಡುತ್ತೇನೆ… ಇದು ಫುಟ್‌ಬಾಲ್ ಕಥೆ. ಅದೂ ಜರ್ಮನಿಯದ್ದು.

ಗುಡ್ ಮಾರ್ನಿಂಗ್ ಹೂವಿನ ಚಿತ್ರ ಆಮೇಲೆ ಹಾಕಿ. ಎರಡು ನಿಮಿಷ ಇದನ್ನು ಓದಿ.

ಅಲ್ಲಿನ ಒಂದು ಸಣ್ಣ ಊರಿನ ಕ್ಲಬ್ಬಿನಲ್ಲಿ ಟಿಲ್ ಬ್ರಾಂಡೆಸ್ ಎಂಬ ಆಟಗಾರನಿದ್ದ. ಮಿಡ್‌ಫೀಲ್ಡರ್. ಅಂದರೆ ಮೈದಾನದ ನಡುವೆ ಓಡಾಡುತ್ತಾ, ಎದುರಾಳಿಯ ಕಾಲಿನಿಂದ ಚೆಂಡು ಕಿತ್ತುಕೊಂಡು ತನ್ನ ಕಡೆಯವರಿಗೆ ದಾಟಿಸುವವನು.

ಗೋಲು ಹೊಡೆದು ಹೆಸರು ಮಾಡುವವರು ಬೇರೆಯವರು. ಮದುವೆ ಊಟದಲ್ಲಿ ಹೋಳಿಗೆ ಬಡಿಸಿದವನು ಎಲ್ಲರಿಗೂ ನೆನಪಿರುತ್ತಾನೆ… ನೀರು ಕೊಟ್ಟವನು ಯಾರಿಗೆ ನೆನಪಿರುತ್ತಾನೆ ಹೇಳಿ?

ಜರ್ಮನಿಯ ಮೈದಾನಗಳಲ್ಲಿ ಒಂದು ಪದ್ಧತಿಯಿದೆ. ಆಟ ಶುರುವಾಗುವ ಮುಂಚೆ ಮೈಕಿನವನು ತಮ್ಮೂರಿನ ಪ್ರತಿ ಆಟಗಾರನ ಮೊದಲ ಹೆಸರು ಮಾತ್ರ ಹೇಳುತ್ತಾನೆ. ಮನೆತನದ ಹೆಸರನ್ನು ಇಡೀ ಸ್ಟೇಡಿಯಂ ಒಟ್ಟಾಗಿ ಕೂಗಬೇಕು.

"ಟಿಲ್…!"

"ಬ್ರಾಂಡೆಸ್!"

ಹದಿನೆಂಟನೇ ವಯಸ್ಸಿನಲ್ಲಿ ಮೊದಲ ಸಲ ಅದನ್ನು ಕೇಳಿದಾಗ ಅವನಿಗೆ ಮೈ ಜುಮ್ಮೆಂದಿತ್ತು. ಎಂಟು ವರ್ಷ ಅದೇ ಕ್ಲಬ್ಬಿಗೆ ಆಡಿದ. ಮಂಡಿಗೆ ಆಪರೇಷನ್ ಆದರೂ ಆಡಿದ. ದೊಡ್ಡ ಕ್ಲಬ್ಬಿನವರು ಕರೆದರೂ ಹೋಗಲಿಲ್ಲ.

ಆಮೇಲೆ ಒಂದು ತಪ್ಪಾಯಿತು…

ಸೀಸನ್ನಿನ ಕೊನೆಯ ಪಂದ್ಯ. ತಮ್ಮದೇ ಗೋಲ್‌ಕೀಪರ್‌ಗೆಂದು ಟಿಲ್ ಹಿಂದಕ್ಕೆ ತಳ್ಳಿದ ಚೆಂಡು ಅರ್ಧ ದಾರಿಯಲ್ಲೇ ನಿಂತಿತು. ಎದುರಾಳಿ ಅದನ್ನು ಎಗರಿಸಿಕೊಂಡು ಹೋಗಿ ಗೋಲು ಹೊಡೆದ. ಆ ಸೋಲಿನಿಂದ ಕ್ಲಬ್ಬು ಕೆಳಗಿನ ದರ್ಜೆಯ ಲೀಗಿಗೆ ಬಿತ್ತು.

ಎಂಟು ವರ್ಷದ ದುಡಿಮೆ ಒಂದು ಕಡೆ, ಆ ಒಂದು ಚೆಂಡು ಇನ್ನೊಂದು ಕಡೆ. ಜನ ಯಾವುದನ್ನು ನೆನಪಿಟ್ಟುಕೊಂಡರು ಅಂತ ಬೇರೆ ಹೇಳಬೇಕೇ? ಈ ವಿಷಯದಲ್ಲಿ ಎಲ್ಲ ದೇಶದ ಜನರೂ ಒಂದೇ.

ಮುಂದಿನ ಸೀಸನ್ ಶುರುವಾಯಿತು. ಮೈಕಿನವನು "ಟಿಲ್…!" ಎಂದ. ಯಾರೂ ಬಾಯಿ ಬಿಡಲಿಲ್ಲ.

ನಿಂತು ನೋಡುವವರ ಗ್ಯಾಲರಿಯಿಂದ ಒಂದೇ ಒಂದು ಒಡಕು ದನಿ ಬಂತು… "ಬ್ರಾಂಡೆಸ್!"

ಅದು ಅವನ ಅಪ್ಪ ಗೆರ್ಹಾರ್ಟ್. ಟ್ರಾಮ್ ಓಡಿಸಿ ನಿವೃತ್ತರಾದವರು. ಸುತ್ತಲಿನವರು ಕಿಸಕ್ಕನೆ ನಕ್ಕರು. ಮೈದಾನದಲ್ಲಿ ನಿಂತಿದ್ದ ಮಗನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಪ್ರತಿ ಪಂದ್ಯದಲ್ಲೂ ಇದೇ ಕಥೆ. ಕೊನೆಗೊಂದು ದಿನ ಅಡುಗೆಮನೆಯಲ್ಲಿ ಮಗ ಸಿಡಿದ.

"ಅಪ್ಪಾ, ದಮ್ಮಯ್ಯ, ಸಾಕು ಮಾಡು! ಊರೆಲ್ಲ ನಗ್ತಿದೆ. ನೀನೊಬ್ಬ ಕಿರುಚಿದ್ರೆ ನಂಗೇನು ಮರ್ಯಾದೆ ಬರುತ್ತಾ?"

ಅಪ್ಪನಿಗೂ ರೇಗಿತು. "ಮೈಕಿನೋನು ಅರ್ಧ ಹೆಸರು ಹೇಳಿ ಬಿಟ್ಬಿಡ್ತಾನೆ. ಉಳಿದರ್ಧ ಯಾರಾದ್ರೂ ಹೇಳ್ಬೇಕೋ ಬೇಡ್ವೋ?"

"ಬೇಡ! ಇನ್ಮೇಲೆ ನೀನು ಮ್ಯಾಚಿಗೇ ಬರ್ಬೇಡ. ಹೇಗಿದ್ರೂ ಡಿಸೆಂಬರ್‌ಗೆ ನಾನು ಆಟ ಬಿಡ್ತಿದೀನಿ. ಕೋಚ್‌ಗೆ ಹೇಳಾಯ್ತು."

ಅಪ್ಪ ಎದ್ದು ಹೋಗಿ ಟಿವಿ ಮುಂದೆ ಕೂತರು. ಟಿವಿ ಹಾಕಿರಲಿಲ್ಲ.

ಅದಾದ ಕೆಲವೇ ವಾರಗಳಲ್ಲಿ ಅಪ್ಪನ ಗಂಟಲಲ್ಲಿ ಗಡ್ಡೆ ಇರುವುದು ಗೊತ್ತಾಯಿತು. ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು.

ಆಸ್ಪತ್ರೆಯಲ್ಲಿ ಮಗ ಕೈ ಹಿಡಿದು ಕೂತ. ಬರಬೇಡ ಎಂದಿದ್ದು ತಪ್ಪಾಯಿತು ಅಂತ ಹೇಳಬೇಕೆಂದುಕೊಂಡ… ಹೇಳಲಿಲ್ಲ. ನಾವೂ ಹಾಗೇ ತಾನೇ? ಬೈಯುವಾಗ ಬರುವ ಮಾತು ಕ್ಷಮೆ ಕೇಳುವಾಗ ಎಲ್ಲಿ ಹೋಗುತ್ತದೋ!

ಡಿಸೆಂಬರ್‌ನ ಕೊನೆಯ ಪಂದ್ಯ ಬಂತು. ಹಟಮಾರಿ ಅಪ್ಪ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ತಮ್ಮ ಜಾಗಕ್ಕೆ ಬಂದೇ ಬಿಟ್ಟರು.

"ಟಿಲ್…!"

ಈ ಸಲ ಒಂದು ದನಿಯೂ ಇಲ್ಲ. ಟಿಲ್ ತನಗೇ ಗೊತ್ತಿಲ್ಲದೆ ಗ್ಯಾಲರಿಯ ಕಡೆ ತಿರುಗಿದ. ಎಷ್ಟು ಕಿರಿಕಿರಿ ಮಾಡಿದ್ದ ದನಿ ಅದು… ಈಗ ಅದಿಲ್ಲದೆ ಎದೆಯೇ ಖಾಲಿಯಾದಂತಾಯಿತು.

ಅಪ್ಪ ಬಾಯಿ ತೆರೆದರು. ಬರೀ ಗಾಳಿ ಬಂತು. ಮತ್ತೆ ತೆರೆದರು. ಮುಂದಿದ್ದ ತಡೆಕಂಬಿಯನ್ನು ಮುಷ್ಟಿಯಿಂದ ಗುದ್ದಿದರು.

ಪಕ್ಕದಲ್ಲಿ ಒಬ್ಬ ದಢೂತಿ ಆಸಾಮಿ ನಿಂತಿದ್ದ. ಇಷ್ಟು ದಿನ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಅವನೇ. "ರೀ ಯಜಮಾನ್ರೇ, ಏನಾಯ್ತು ಇವತ್ತು? ಕೂಗ್ರೀ!"

ಅಪ್ಪ ಮಫ್ಲರ್ ಸರಿಸಿ ಗಂಟಲು ತೋರಿಸಿದರು.

ಅವನು ಬ್ಯಾಂಡೇಜ್ ನೋಡಿದ. ಅವರ ಮುಖ ನೋಡಿದ. "ಥತ್ ನನ್ ಮುಖಕ್ಕಿಷ್ಟು!" ಎಂದು ತನ್ನನ್ನೇ ಬೈದುಕೊಂಡ.

ಅಷ್ಟರಲ್ಲಿ ಮೈಕಿನವನು ಮುಂದಿನ ಆಟಗಾರನಿಗೆ ಹೋಗಿದ್ದ. "ಯೂಲಿಯನ್…!"

"ಬ್ರಾಂಡೆಸ್!" ಎಂದು ದಢೂತಿ ಗುಡುಗಿದ.

ಮೈಕಿನವನು ತಬ್ಬಿಬ್ಬಾದ. ಇನ್ನೊಬ್ಬನ ಹೆಸರು ಹೇಳಿದ. ವಿಷಯ ಕಿವಿಯಿಂದ ಕಿವಿಗೆ ದಾಟಿ, ಈಗ ಅರ್ಧ ಗ್ಯಾಲರಿಯೇ ಕೂಗಿತು… "ಬ್ರಾಂಡೆಸ್!"

ಯಾರ ಹೆಸರು ಹೇಳಿದರೂ ಅದೇ ಉತ್ತರ. ಮೈಕಿನವನಿಗೆ ತಲೆ ಕೆಟ್ಟುಹೋಯಿತು. "ಏನ್ರಪ್ಪಾ ನಿಮ್ದು? ಅವನ ಹೆಸರು ಆಗ್ಲೇ ಆಯ್ತಲ್ಲ!" ಎಂದು ಮೈಕಿನಲ್ಲೇ ಗದರಿದ.

"ಆಗಿಲ್ಲ!" ಎಂದು ಗ್ಯಾಲರಿ ತಿರುಗಿ ಗದರಿತು.

"ಸರಿ ಮಹರಾಯ್ರೇ… ತಗೊಳ್ಳಿ… ಟಿಲ್…!"

ಈ ಸಲ ಇಡೀ ಸ್ಟೇಡಿಯಂ ಕೂಗಿತು.

ಟಿಲ್ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ಒರೆಸಿದಷ್ಟೂ ತುಂಬಿ ಬರುತ್ತಿತ್ತು. ಪಂದ್ಯ ಶುರುವಾಗುವುದು ಸ್ವಲ್ಪ ತಡವಾಯಿತು. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ.

ಜನ ಅಷ್ಟರಿಂದ ದೇವರಾಗಲಿಲ್ಲ ಬಿಡಿ. ಅವನು ಚೆಂಡನ್ನು ಹಿಂದಕ್ಕೆ ಕಳಿಸಿದ ಕೂಡಲೇ ಅದೇ ದಢೂತಿ "ಮುಂದಕ್ ಹೊಡಿಯೋ ಪುಣ್ಯಾತ್ಮ!" ಎಂದು ಅರಚಿದ. ಅಪ್ಪ ಮೊಣಕೈಯಿಂದ ಅವನ ಪಕ್ಕೆಗೆ ತಿವಿದರು.

ಆಟ ಮುಗಿದ ಮೇಲೆ ಟಿಲ್ ಬೇಲಿಯ ಹತ್ತಿರ ಓಡಿಬಂದ.

"ಅಪ್ಪಾ… ನಾನು ಆಟ ಬಿಡಲ್ಲ. ಕೂಗೋಕಾಗ್ದಿದ್ರೆ ಬೇಡ. ಬಂದು ಸುಮ್ನೆ ನಿಂತ್ಕೋ… ಆದ್ರೆ ಬಾ."

ಅಪ್ಪ ಬೇಲಿಯಾಚೆಯಿಂದ ಕೈ ಚಾಚಿ ಮಗನ ಕಿವಿ ಹಿಂಡಿದರು. ನೋವಾಗುವಷ್ಟೇ ಹಿಂಡಿದರು.

*ನಮ್ಮ ಪರವಾಗಿ ಕೂಗುವ ದನಿ ಕಿರಿಕಿರಿ ಅನ್ನಿಸುವುದು, ಅದು ಕೇಳಿಸುತ್ತಿರುವವರೆಗೆ ಮಾತ್ರ.*

ಈಗ ಹೇಳಿ… ಇವತ್ತು ಯಾರ ಫೋನನ್ನು "ಆಮೇಲ್ ಮಾಡ್ತೀನಿ" ಅಂತ ಕಟ್ ಮಾಡಿದಿರಿ?