ಮೂರನೇ ಹಂತದ ದಾಖಲಾತಿ

ಕಾಲೇಜಿನಲ್ಲಿದ್ದಾಗ ಅರ್ಧಕ್ಕೆ ಬಿಟ್ಟಿದ್ದ ರಷ್ಯನ್ ಭಾಷೆಯನ್ನು ಇಪ್ಪತ್ತೈದು ವರ್ಷದ ಮೇಲೆ ಮತ್ತೆ ಕಲಿಯಲು ದಂತವೈದ್ಯೆ ವಾರಿಜಾಕ್ಷಿ ಭಾಷಾ ಶಾಲೆಗೆ ಬಂದಳು. ಎಳೆಯರ ಜೊತೆ ಕೂತು ಮೊದಲಿನಿಂದ ಅಕ್ಷರ ತಿದ್ದಲು ಅವಳಿಗೆ ನಾಚಿಕೆ.

"ನನ್ನನ್ನ ನೇರ ಮೂರನೇ ಹಂತಕ್ಕೇ ಸೇರಿಸ್ಕೊಳ್ಳಿ," ಎಂದಳು.

"ಸ್ವಲ್ಪ ಮಾತಾಡಿ ನೋಡೋಣ," ಎಂದ ಟೀಚರ್ ರಷ್ಯನ್‌ನಲ್ಲಿ ಏನೋ ಕೇಳಿದರು. ವಾರಿಜಾಕ್ಷಿಗೆ ಒಂದು ಪದವೂ ತಿಳಿಯಲಿಲ್ಲ. 'ಹೌದು' ಎನ್ನಲು ರಷ್ಯನ್ನರು 'ದಾ' ಅನ್ನುತ್ತಾರೆಂಬುದಷ್ಟೇ ನೆನಪಿತ್ತು.

"ದಾ," ಎಂದಳು ಗಂಭೀರವಾಗಿ.

ಟೀಚರ್ ಕಣ್ಣರಳಿಸಿ ಇನ್ನೂ ಉದ್ದದ ಪ್ರಶ್ನೆ ಕೇಳಿದರು.

"ದಾ, ದಾ!"

ಟೀಚರ್ ಎದ್ದು ಬಂದು ಅವಳ ಎರಡೂ ಕೈ ಹಿಡಿದುಕೊಂಡರು. "ನನ್ನನ್ನ ಉಳಿಸಿದ್ರಿ ಮೇಡಂ! ನಾನು ಹೆರಿಗೆ ರಜೆಗೆ ಹೋದಾಗ ನನ್ನ ಬದಲು ಮೂರನೇ ಹಂತಕ್ಕೆ ಪಾಠ ಮಾಡೋಕೆ ಇಷ್ಟು ದಿನ ಒಬ್ಬರೂ ಒಪ್ಪಿರಲಿಲ್ಲ."