ತಮ್ಮನ ಚೆಂಡು

ಅಣ್ಣ ಬಾಗಿ ಕೋಲು ಹೂಡಿದ್ದು ತಮ್ಮನ ಚೆಂಡಿಗೆ. ಅವನದು ಹಳದಿ, ತಮ್ಮನದು ಬಿಳಿ. ಕೋಲಿನ ತುದಿ ಬಿಳಿಯ ಬೆನ್ನಿಗೆ ಮೆಲ್ಲಗೆ ಹಿಂದೆ ಮುಂದೆ ಆಡುತ್ತಿತ್ತು. ಕುರ್ಚಿಯಲ್ಲಿ ಕೂತಿದ್ದ ತಮ್ಮನಿಗೆ ಅದು ಕಂಡಿತು. ಕೈಗವಸು ತೊಟ್ಟು ಪಕ್ಕದಲ್ಲೇ ನಿಂತಿದ್ದ ತೀರ್ಪುಗಾರ್ತಿಗೂ ಕಂಡಿತು. ಆದರೆ ಹೊಡೆಯುವ ಮೊದಲು ಅವಳು ತುಟಿ ಬಿಚ್ಚುವಂತಿಲ್ಲ. ಹೊಡೆದ ಮೇಲೆ ತಪ್ಪು ಎಂದು ಹೇಳುವುದಷ್ಟೇ ಅವಳ ಕೆಲಸ.

ಅಂತರರಾಷ್ಟ್ರೀಯ ತ್ರೀ ಕುಷನ್ ಬಿಲಿಯರ್ಡ್ಸ್ ಪಂದ್ಯಾವಳಿಯ ಸೆಮಿಫೈನಲ್. ಮೇಜಿಗೆ ತೂತುಗಳಿಲ್ಲ, ಮೇಲೆ ಇರುವುದು ಮೂರೇ ಚೆಂಡು: ಇಬ್ಬರಿಗೂ ಒಂದೊಂದು, ಮೂರನೆಯದು ಕೆಂಪು. ತನ್ನ ಚೆಂಡು ಉಳಿದೆರಡನ್ನೂ ಮುಟ್ಟಬೇಕು, ಕೊನೆಯದನ್ನು ಮುಟ್ಟುವ ಮೊದಲು ಮೂರು ಸಲ ಅಂಚಿಗೆ ಬಡಿದಿರಬೇಕು. ಆಗ ಒಂದು ಅಂಕ. ಗೆಲ್ಲಲು ಅಣ್ಣನಿಗೆ ಬೇಕಿದ್ದದ್ದು ಒಂದು, ತಮ್ಮನಿಗೆ ಎರಡು.

ಅಣ್ಣ ದರ್ಜಿ, ಮದುವೆಯ ಗೋಜಿಗೆ ಹೋಗದವನು. ತಮ್ಮನ ಕೈಗೆ ಮೊದಲು ಕೋಲು ಕೊಟ್ಟವನೂ ಅವನೇ. ತಮ್ಮ ಮದುವೆಯಾಗಿ ಹೆಂಡತಿಯ ದೇಶಕ್ಕೆ ಹೋಗಿ, ಆ ದೇಶದ ಬಾವುಟವನ್ನು ಎದೆಗೆ ಹೊಲಿಸಿಕೊಂಡು ಆಡತೊಡಗಿದ್ದೇ ತಡ, ಇಬ್ಬರ ನಡುವೆ ಮಾತು ನಿಂತಿತು. ಎದುರಾದಾಗ ಕೈ ಕುಲುಕುತ್ತಿದ್ದರು, ಆಟದ ನಿಯಮ ಇರುವುದರಿಂದ.

ಹಿಂದಿನ ಹೊಡೆತದಲ್ಲಿ ತಮ್ಮ ಗುರಿ ತಪ್ಪಿದ್ದ. ಬಿಳಿ, ಹಳದಿ ಎರಡೂ ಮೂಲೆಯಲ್ಲಿ ಡಿಕ್ಕಿ ಹೊಡೆದು ಚದುರಿದ್ದವು. ಆ ಗಳಿಗೆಯಲ್ಲಿ ಅಣ್ಣ ಕನ್ನಡಕ ಒರೆಸುತ್ತಿದ್ದ. ಈಗ ತಮ್ಮ ಬಾಯಿಗೆ ಬೀಗ ಹಾಕಿಕೊಂಡು ಕೂತರೆ ಸಾಕು, ಆಟ ತಾನಾಗಿ ಅವನ ಕೈಗೆ ಬರುತ್ತಿತ್ತು. ಎದುರಾಳಿ ಹೊಡೆಯುವಾಗ ಅಡ್ಡ ನಡೆದನೆಂದು ಅವನಿಗೆ ಆಗಲೇ ಒಂದು ಎಚ್ಚರಿಕೆ ಬಿದ್ದಿತ್ತು. ಎದುರಾಳಿಯ ಸರದಿಯಲ್ಲಿ ಮಾತಾಡಿ ಇನ್ನೊಂದು ಬಿದ್ದರೆ ಪಂದ್ಯದಿಂದಲೇ ಹೊರಗೆ.

"ಅಣ್ಣ, ಅದು ನಂದು." ಮಾತು ಜಾರಿತು, ಅದೂ ಮನೆಮಾತಿನಲ್ಲಿ.

ತೀರ್ಪುಗಾರ್ತಿ ಕೈ ಎತ್ತಿ ಆಟ ನಿಲ್ಲಿಸಿದಳು. ಆ ಭಾಷೆ ಅವಳಿಗೆ ಬಾರದು. ಮಾತಾಡಿದವನನ್ನೇ ಕೇಳಿದರೆ ನಿಜ ಹೇಳುತ್ತಾನೆಂಬ ನಂಬಿಕೆ ಇಲ್ಲದೆ ಅಣ್ಣನತ್ತ ತಿರುಗಿದಳು.

"ಇವರು ಏನಂದರು?"

ಅಣ್ಣ ನೆಟ್ಟಗೆ ನಿಂತ. ಮೇಜಿನ ಮೇಲಿನ ಚೆಂಡುಗಳನ್ನು ಒಂದೊಂದಾಗಿ ನೋಡಿದ.

"ಒಳ್ಳೇದಾಗಲಿ ಅಂದ. ನಮ್ಮ ಕಡೆ ಹಾಗೆ ಹೇಳ್ತೀವಿ."

"ನಿಮಗೆ ತೊಂದರೆ ಆಯಿತಾ?"

"ಏನಿಲ್ಲ."

ಅವಳು ತಲೆಯಾಡಿಸಿ ಹಿಂದೆ ಸರಿದಳು. ಅಣ್ಣ ಮತ್ತೆ ಬಾಗಿದ, ಬಿಳಿ ಚೆಂಡಿಗೇ. ಗೆರೆ ಎಳೆದ ಹಾಗೆ ಹೋಯಿತು ಹೊಡೆತ. ಕೆಂಪನ್ನು ಸವರಿಕೊಂಡು ಒಂದು ಅಂಚು, ಎರಡು, ಮೂರು, ಕಡೆಗೆ ಬಂದು ಹಳದಿಗೆ ತಾಗಿತು. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆಯ ನಡುವೆಯೇ ಅವಳು "ಫೌಲ್, ಎದುರಾಳಿಯ ಚೆಂಡು" ಎಂದಳು.

ತಮ್ಮ ಎದ್ದು ಬಂದ. ಕೋಲಿಗೆ ಚಾಕ್ ತಿಕ್ಕುತ್ತ ಅಣ್ಣನ ಕಡೆ ನೋಡಿದ. ಅಣ್ಣ ಗದ್ದವನ್ನು ಮೇಜಿನತ್ತ ಆಡಿಸಿ, ಆಡು ಎಂದು ಸನ್ನೆ ಮಾಡಿದ. ಬೇಕೆಂದೇ ತಪ್ಪಿಸಿದರೆ ಈ ಮನುಷ್ಯ ಇನ್ನು ಜನ್ಮದಲ್ಲಿ ಮುಖ ನೋಡುವುದಿಲ್ಲ ಎಂಬುದು ತಮ್ಮನಿಗೆ ಗೊತ್ತಿತ್ತು. ಎರಡೂ ಅಂಕ ಹೊಡೆದು ಮುಗಿಸಿದ.

ಆಟಗಾರರ ಕೋಣೆಯಲ್ಲಿ ಅಣ್ಣ ಕೋಲನ್ನು ಬಿಚ್ಚಿ ಚೀಲಕ್ಕೆ ಸೇರಿಸುತ್ತಿದ್ದ. ತಮ್ಮ ಒಳಗೆ ಬಂದು ಗೋಡೆಗೆ ಒರಗಿ ನಿಂತ.

"ಹೇಳಿದ್ನಲ್ಲ. ಹಳದಿಗೆ ಹೋಗೋದಕ್ಕೆ ಏನಾಗಿತ್ತು?"

"ಹೋಗಿದ್ರೆ ನೀನು ಏನಂದೆ ಅಂತ ಅವಳಿಗೆ ಗೊತ್ತಾಗ್ತಿತ್ತು. ನಿನ್ನನ್ನ ಹೊರಗೆ ಹಾಕ್ತಿದ್ದಳು. ಹಾಗೆ ಗೆದ್ದು ಏನು ಮಾಡ್ಲಿ?"

ಅಷ್ಟರಲ್ಲಿ ತೀರ್ಪುಗಾರ್ತಿ ಬಾಗಿಲಲ್ಲಿ ಇಣುಕಿದಳು. ಅಣ್ಣನಿಗೆ ಚೆನ್ನಾಗಿ ಆಡಿದಿರಿ ಎಂದಳು. ತಮ್ಮನತ್ತ ತಿರುಗಿ, ನಾಳೆಯ ಫೈನಲ್‌ಗೆ ನಿಮ್ಮ ಭಾಷೆಯಲ್ಲೇ ಹಾರೈಸುತ್ತೇನೆ ಎಂದು, ಕಲಿತದ್ದನ್ನು ಕಷ್ಟಪಟ್ಟು ಒಪ್ಪಿಸಿದಳು: "ಅನ್ನಾ, ಅದು ನಂದೂ."

ಇಬ್ಬರೂ ಗಂಭೀರವಾಗಿ ಥ್ಯಾಂಕ್ಸ್ ಹೇಳಿದರು. ಅವಳ ಹೆಜ್ಜೆ ಸದ್ದು ದೂರವಾಗುವ ತನಕ ತಡೆದುಕೊಂಡರು. ಮೊದಲು ಅಣ್ಣನ ಹೆಗಲು ಕುಲುಕಿತು, ಆಮೇಲೆ ತಮ್ಮನದು. ನಗು ನಿಲ್ಲಲು ಹೊತ್ತು ಹಿಡಿಯಿತು.

"ಕಣ್ಣಿಗೆ ಏನಾಗಿದೆ?" ತಮ್ಮ ಕೇಳಿದ.

"ಪೊರೆ. ಬಿಳಿ, ಹಳದಿ ಎರಡೂ ಒಂದೇ ಥರ ಕಾಣ್ತವೆ. ನನ್ನ ಚೆಂಡಿನ ಮೇಲೆ ಕಣ್ಣಿಟ್ಟೇ ಕೂತಿರ್ತೀನಿ, ಬಿಟ್ರೆ ಕೆಟ್ಟೆ. ಮೊನ್ನೆ ಒಬ್ಬರ ಬಿಳಿ ಅಂಗಿಗೆ ಹಳದಿ ಗುಂಡಿ ಹೊಲಿದು ಕೊಟ್ಟಿದ್ದೆ. ಪುಣ್ಯಾತ್ಮ, ಹೊಸ ಫ್ಯಾಷನ್ ಅಂದ್ಕೊಂಡು ಹಾಕ್ಕೊಂಡು ತಿರುಗ್ತಿದ್ದಾನೆ."

"ಪೊರೆ ತೆಗೆಯೋದು ಅರ್ಧ ಗಂಟೆ ಕೆಲಸ. ಯಾಕೆ ಮಾಡಿಸ್ಕೊಂಡಿಲ್ಲ?"

ಅಣ್ಣ ಚೀಲದ ಜಿಪ್ ಎಳೆದ. ಅದು ಅರ್ಧಕ್ಕೆ ಸಿಕ್ಕಿಕೊಂಡಿತು. ಹಿಂದಕ್ಕೆಳೆದು ಮತ್ತೆ ಎಳೆದ.

"ಹೋಗಿದ್ದೆ. ಕಣ್ಣಿಗೆ ಪಟ್ಟಿ ಕಟ್ಟಿ ಕಳಿಸ್ತೀವಿ, ಕೈ ಹಿಡ್ಕೊಂಡು ಕರ್ಕೊಂಡು ಹೋಗೋಕೆ ಮನೆಯವರು ಯಾರು ಬರ್ತಾರೆ ಅಂತ ಕೇಳಿದ್ರು. ಯೋಚನೆ ಮಾಡಿ ಹೇಳ್ತೀನಿ ಅಂತ ಎದ್ದು ಬಂದೆ."

ಚೀಲವನ್ನು ಹೆಗಲಿಗೇರಿಸಿಕೊಂಡು ಅಂದ: "ಇನ್ನೂ ಯೋಚನೆ ಮಾಡ್ತಾ ಇದ್ದೀನಿ."