ನೈರುತ್ಯ ಮೂಲೆಯ ಲೇತ್

ಮುಚ್ಚಿದ ಕಾರ್ಖಾನೆಯೊಂದರಿಂದ ಆತ ಕಬ್ಬಿಣವನ್ನು ಗರಗರ ತಿರುಗಿಸಿ ಕಡೆಯುವ ಹಳೇ ಲೇತ್ ಕೊಂಡು ತಂದ. ಒಂದೂವರೆ ಟನ್ ಭಾರ. ಕ್ರೇನು ಗೇಟಿನಲ್ಲೇ ಕೈಮುಗಿಯಿತು. ಆಮೇಲೆ ಪೈಪುಗಳ ಮೇಲೆ ಉರುಳಿಸಿ, ಗೋಡೆ ಒಡೆದು, ಹಿಂದಿನ ಕೋಣೆಗೆ ಸೇರಿಸಿದ್ದಾಯಿತು. ನಿವೃತ್ತಿಯ ಹವ್ಯಾಸವಂತೆ.

"ಬೇರೆ ಗಂಡಸ್ರು ವಾಕಿಂಗ್ ಹೋಗ್ತಾರೆ," ಎಂದಳು ಹೆಂಡತಿ. "ವಾಸ್ತು ಶಾಸ್ತ್ರಿಗಳು ಬಂದು ನೋಡ್ಲಿ. ಅವರು ಬೇಡ ಅಂದ್ರೆ ಇದು ಗುಜರಿಗೆ!"

ಆತನೇನು ಕಡಿಮೆಯೇ? ಬೆಳಿಗ್ಗೆಯೇ ಹಣ್ಣಿನ ಬುಟ್ಟಿ ಹಿಡಿದು ಶಾಸ್ತ್ರಿಗಳ ಮನೆಗೆ ಹೋಗಿ, ಏನು ಹೇಳಬೇಕೆಂದು ಹೇಳಿಕೊಟ್ಟು ಬಂದ.

ಶಾಸ್ತ್ರಿಗಳು ಬಂದು, ದಿಕ್ಸೂಚಿ ಹಿಡಿದು, ಕಣ್ಣು ಮುಚ್ಚಿದರು.

"ನೈರುತ್ಯ ಮೂಲೇಲಿ ಭಾರ ಇರ್ಬೇಕು, ತಾಯಿ. ಇದು ಮನೆಗೆ ಶ್ರೀರಕ್ಷೆ. ಯಾವ ಕಾರಣಕ್ಕೂ ಇಲ್ಲಿಂದ ತೆಗೀಬೇಡಿ."

ಆತ ಮೀಸೆ ತಿರುವಿದ.

ಹಣ್ಣಿನ ಋಣ ಪೂರ್ತಿ ತೀರಲಿಲ್ಲ ಅನ್ನಿಸಿತೋ ಏನೋ, ಬಾಗಿಲಲ್ಲಿ ನಿಂತ ಶಾಸ್ತ್ರಿಗಳು ತಮ್ಮ ಕಡೆಯಿಂದಲೂ ಒಂದು ಮಾತು ಸೇರಿಸಿದರು:

"ಆದ್ರೆ ನೈರುತ್ಯದ ಭಾರ ಅಲ್ಲಾಡಬಾರ್ದು. ಅಪ್ಪಿತಪ್ಪಿ ಒಂದು ಸುತ್ತು ತಿರುಗಿದ್ರೂ ಯಜಮಾನರ ಪ್ರಾಣಕ್ಕೆ ಕುತ್ತು."

ಹೆಂಡತಿ ಭಕ್ತಿಯಿಂದ ಲೇತಿಗೆ ಅರಿಶಿನ ಕುಂಕುಮ ಹಚ್ಚಿದಳು. ಆಮೇಲೆ ಅದರ ಫ್ಯೂಸ್ ಕಿತ್ತು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.